ನಡೆದದ್ದನ್ನು ತಿದ್ದತಕ್ಕದ್ದು

ವಿಜ್ಞಾನಕ್ಕೂ ಶ್ರದ್ಧೆಗೂ ನಡುವೆ ಮುಕ್ತ ಸಂವಾದವನ್ನು ಬೆಳೆಸುವ ಸದುದ್ದೇಶದಿಂದ ಸ್ಥಾಪಿತವಾದ ಮಂಡಳಿಯು ತನ್ನ ಮೊದಲ ಹನ್ನೊಂದು ವರ್ಷಗಳನ್ನು ಯಾವುದೇ ಸಂವಾದವಿಲ್ಲದೆ ಯಶಸ್ವಿಯಾಗಿ ಪೂರೈಸಿತ್ತು.

ಇದಕ್ಕೆ ಸೋಮಾರಿತನ ಕಾರಣವೆಂದು ಯಾರೂ ತಪ್ಪು ತಿಳಿಯಬಾರದು. ಮೊದಲ ಎರಡು ವರ್ಷ ಮೇಜಿನ ಆಕಾರದ ಚರ್ಚೆಗೆ ಹೋದವು. ಉದ್ದ ಮೇಜಾದರೆ ಆ ತುದಿಯಲ್ಲಿ ಯಾರು, ಈ ತುದಿಯಲ್ಲಿ ಯಾರು ಎಂಬ ಪ್ರಶ್ನೆ ಬರುತ್ತದೆ. ದುಂಡು ಮೇಜಾದರೆ ಎಲ್ಲಿ ಕೂತರೂ ಒಂದೇ ಆಗುವುದರಿಂದ ಯಾರೂ ಕೂರಲು ಒಪ್ಪುವುದಿಲ್ಲ. ಕೊನೆಗೆ ಮೇಜನ್ನೇ ಕೈಬಿಡಲಾಯಿತು. ಮುಂದಿನ ನಾಲ್ಕು ವರ್ಷ ಬಾಗಿಲ ಮೇಲಿನ ಫಲಕಕ್ಕೆ ಸಂದವು. ಫಲಕದಲ್ಲಿ ವಿಜ್ಞಾನ ಮೊದಲು ಬಂದರೆ ಶ್ರದ್ಧೆಯವರಿಗೆ ನೋವು, ಶ್ರದ್ಧೆ ಮೊದಲು ಬಂದರೆ ವಿಜ್ಞಾನದವರಿಗೆ ನೋವು. ಉಪಸಮಿತಿಯೊಂದು ಮೂರು ಊರು ಸುತ್ತಿ ಬಂದು, ಫಲಕದಲ್ಲಿ ವಿಜ್ಞಾನ ಮೊದಲಿರಲಿ, ನಮೂನೆ ಪುಸ್ತಕಗಳಲ್ಲಿ ಸಮತೋಲನವಿರಲಿ ಎಂದು ವರದಿ ಕೊಟ್ಟಿತು. ಹೀಗೆ ಹುಟ್ಟಿದ್ದೇ ಸಮತೋಲನ ನಿಯಮ:

‘ಎರಡು ಕಾಲಂಗಳುಳ್ಳ ಯಾವುದೇ ನಮೂನೆಯಲ್ಲಿ ಎಡಬಲದ ತಲೆಬರಹಗಳು ಪುಸ್ತಕ ಬಿಟ್ಟು ಪುಸ್ತಕಕ್ಕೆ ಅದಲುಬದಲಾಗತಕ್ಕದ್ದು. ಯಾವ ಪಕ್ಷಕ್ಕೂ ಎಡಗಡೆಯು ಶಾಶ್ವತವಾಗಕೂಡದು.’

ಮುದ್ರಣಾಲಯದವರು ಕರ್ತವ್ಯನಿಷ್ಠರು. ನಿಯಮದಲ್ಲಿ ‘ಯಾವುದೇ ನಮೂನೆ’ ಎಂದಿದ್ದುದರಿಂದ ರಜೆ ಅರ್ಜಿಗೂ ಅದನ್ನೇ ಅನ್ವಯಿಸಿದರು. ಹಾಗಾಗಿ ಮಂಡಳಿಯ ದಫೇದಾರರು ಮಗಳ ಮದುವೆಗೆಂದು ಹತ್ತು ದಿನ ರಜೆ ಕೇಳಿದ ವರ್ಷ, ‘ರಜೆ ಬೇಡ’ ಎಂಬ ಕಾಲಮಿನಲ್ಲಿ ಹತ್ತು ದಿನ ಬಿದ್ದು, ಅವರಿಗೆ ಕೇಂದ್ರ ಕಚೇರಿಯಿಂದ ಪ್ರಶಂಸಾಪತ್ರ ಬಂತು. ಅವರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಮದುವೆಗೆ ಊಟದ ವಿರಾಮದಲ್ಲಿ ಹೋಗಿ ಬಂದರು.

ಉಳಿದ ಐದು ವರ್ಷ ನಮೂನೆಗಳು ಅಚ್ಚಾಗಿ ಬರುವುದನ್ನು ಕಾಯುವುದರಲ್ಲಿ ಕಳೆದವು.

ಈ ಮಂಡಳಿಯಲ್ಲಿ ಒಬ್ಬ ಟೈಪಿಸ್ಟಮ್ಮ ಇದ್ದಳು. ಒಂಬತ್ತು ವರ್ಷದಿಂದ ತಾತ್ಕಾಲಿಕ. ಮೂರು ತಿಂಗಳಿಗೊಮ್ಮೆ ಅವಳ ಕೆಲಸ ಮುಗಿಯುತ್ತಿತ್ತು. ಮುಗಿಯಿತೆಂಬ ಪತ್ರವನ್ನು ಅವಳೇ ಟೈಪ್ ಮಾಡಬೇಕಿತ್ತು. ಮರುದಿನ ಮತ್ತೆ ಶುರುವಾಯಿತೆಂಬ ಪತ್ರವನ್ನೂ ಅವಳೇ. ನಡುವಿನ ರಾತ್ರಿ ಮಾತ್ರ ಅವಳು ನಿರುದ್ಯೋಗಿ. ಮೂವತ್ತಾರು ಸಲ ಹಾಗೆ ನಿರುದ್ಯೋಗಿಯಾಗಿ ಮಲಗಿ ಎದ್ದವಳಿಗೆ ಈ ಲೋಕದಲ್ಲಿ ಬೇಕಿದ್ದದ್ದು ಒಂದೇ ಪದ: ಕಾಯಂ.

ಹೀಗಿರುವಾಗ ಕೇಂದ್ರ ಕಚೇರಿಯಿಂದ ಪತ್ರ ಬಂತು. ಈ ತಿಂಗಳೊಳಗೆ ಒಂದಾದರೂ ಸಂವಾದ ನಡೆಯದಿದ್ದರೆ ಮಂಡಳಿಯನ್ನು ಮುಚ್ಚಲಾಗುವುದು. ನಡೆದರೆ ಮಂಡಳಿಯ ಯಾವುದಾದರೂ ಒಂದು ಹುದ್ದೆಯನ್ನು ಕಾಯಂ ಮಾಡಲಾಗುವುದು.

ಅಧ್ಯಕ್ಷರು ಪತ್ರವನ್ನು ಎರಡು ಸಲ ಮಡಚಿ, ಮೂರು ಸಲ ಬಿಡಿಸಿ, ಟೈಪಿಸ್ಟಮ್ಮನನ್ನು ಕರೆದರು. “ನೋಡಮ್ಮ, ಈ ಹುದ್ದೆ ನಿಮ್ಮದೇ ಅಂದ್ಕೊಳ್ಳಿ. ನಾನು ಮುಂದಿನ ತಿಂಗಳ ಕೊನೆಗೆ ನಿವೃತ್ತಿ ಆಗೋನು. ನನಗ್ಯಾಕೆ ಕಾಯಮ್ಮು? ಸಂವಾದ ಒಂದು ಸುಸೂತ್ರ ಮುಗಿಸಿಬಿಡಿ.”

“ಖಂಡಿತಾ ಸಾರ್,” ಎಂದಳು ಅವಳು.

ಆ ಕಚೇರಿಯಲ್ಲಿ ಸಭೆಯ ನಡಾವಳಿಯನ್ನು ಸಭೆಗೆ ಮೊದಲೇ ಬರೆಯುವುದು ಪದ್ಧತಿ. ಸಭೆಯಾದ ಮೇಲೆ ಬರೆದರೆ ನಡೆದದ್ದನ್ನೆಲ್ಲ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಮೇಲಾಗಿ ನಡೆಯಬಾರದ್ದೂ ನಡೆದಿರುವ ಅಪಾಯವುಂಟು. ಮೊದಲೇ ಬರೆದು, ಅನುಮೋದನೆ ಪಡೆದು, ಆಮೇಲೆ ಅದರಂತೆ ಸಭೆ ನಡೆಸಿದರೆ ಎಲ್ಲರಿಗೂ ಅನುಕೂಲ. ಟೈಪಿಸ್ಟಮ್ಮ ನಡಾವಳಿಯ ನಮೂನೆ ಪುಸ್ತಕ ತೆಗೆದುಕೊಂಡು ಒಂದೇ ಮಧ್ಯಾಹ್ನದಲ್ಲಿ ಒಂಬತ್ತು ಪುಟ ಟೈಪ್ ಮಾಡಿದಳು. ವಿಜ್ಞಾನದ ಪರವಾಗಿ ನಕ್ಷತ್ರವೀಕ್ಷಣಾಲಯದ ಮುಖ್ಯಸ್ಥರು ಮಾತನಾಡಬೇಕು. ಊರವರು ಅವರನ್ನು ದುರ್ಬೀನು ಮೇಷ್ಟ್ರು ಎನ್ನುತ್ತಿದ್ದರು. ಶ್ರದ್ಧೆಯ ಪರವಾಗಿ ಪ್ರಾರ್ಥನಾ ಮಂದಿರದ ಗುರುಗಳು. ಬಾಗಿಲ ಫಲಕದಲ್ಲಿರುವಂತೆ ವಿಜ್ಞಾನದ ಮಾತನ್ನು ಎಡಕ್ಕೂ ಶ್ರದ್ಧೆಯ ಮಾತನ್ನು ಬಲಕ್ಕೂ ಹೊಡೆಯುತ್ತ ಹೋದಳು. ನಡುನಡುವೆ ಮನೆಯಿಂದ ಅತ್ತೆಯ ಫೋನು. “ಮೊಣಕಾಲು ಹಿಡ್ಕೊಂಡಿದೆ ಕಣೇ, ಮುಲಾಮು ಎಲ್ಲಿಟ್ಟಿದ್ದೀಯೇ?” ಹಾಳೆ ಯಂತ್ರದೊಳಗೆ ಸಿಕ್ಕಿದ ಮೇಲೆ ತಲೆಬರಹ ಹಿಂದಕ್ಕೆ ಮಡಚಿ ಬೀಳುವುದರಿಂದ, ಈ ಪುಸ್ತಕ ಸಮತೋಲನದ ಪುಸ್ತಕವೆಂದು ಅವಳಿಗೆ ಹೊಳೆಯಲಿಲ್ಲ.

ಅಧ್ಯಕ್ಷರು ಎಂದಿನಂತೆ ಸಹಿ ಹಾಕಿದರು. ಅವರು ಕಾಗದ ಓದುವವರಲ್ಲ. ಟೈಪಿಸ್ಟಮ್ಮ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿಟ್ಟ ಜಾಗದಲ್ಲಿ ಸಹಿ ಹಾಕುವುದು, ಗುರುತಿಲ್ಲದ ಕಡೆ ಹಾಕದಿರುವುದು, ಇದಿಷ್ಟೇ ಅವರ ಆಡಳಿತ. ನಾಲ್ಕನೇ ದಿನ ಅನುಮೋದನೆಯ ಮೊಹರು ಬಿದ್ದು ನಡಾವಳಿ ವಾಪಸು ಬಂದಾಗ ತಲೆಬರಹ ಅವಳ ಕಣ್ಣಿಗೆ ಬಿತ್ತು: ಎಡಗಡೆ ‘ಶ್ರದ್ಧೆ’, ಬಲಗಡೆ ‘ವಿಜ್ಞಾನ’. ಅವಳು ಅಧ್ಯಕ್ಷರ ಕೋಣೆಗೆ ಓಡಿದಳು.

“ಸಾರ್, ಒಂದು ತಪ್ಪಾಗಿದೆ.”

“ಅನುಮೋದನೆ ಆಗಿದೆಯಾ?”

“ಆಗಿದೆ ಸಾರ್.”

“ಹಾಗಾದ್ರೆ ಅದು ತಪ್ಪಲ್ಲ.”

“ಸಾರ್, ದುರ್ಬೀನು ಮೇಷ್ಟ್ರು ಎದ್ದು ನಿಂತು ದೇವರ ಮಹಿಮೆ ಹೇಳ್ತಾರೆ ಅಂತಿದೆ. ಗುರುಗಳು ಪುರಾವೆ ಎಲ್ಲಿ ಅಂತ ಕೇಳ್ತಾರೆ.”

ಅಧ್ಯಕ್ಷರು ಕ್ಷಣಕಾಲ ಯೋಚಿಸಿ ನಿಯಮಾವಳಿ ತರಿಸಿದರು. ಏಳನೇ ನಿಯಮವನ್ನು ದಫೇದಾರರು ಗಟ್ಟಿಯಾಗಿ ಓದಿದರು: “ಅನುಮೋದಿತ ದಾಖಲೆಯನ್ನು ತಿದ್ದತಕ್ಕದ್ದಲ್ಲ. ದಾಖಲಾದುದಕ್ಕೂ ನಡೆದುದಕ್ಕೂ ವ್ಯತ್ಯಾಸ ಕಂಡುಬಂದಲ್ಲಿ, ನಡೆದದ್ದನ್ನು ತಿದ್ದತಕ್ಕದ್ದು.”

“ಸ್ಪಷ್ಟವಾಗಿದೆಯಲ್ಲ,” ಎಂದರು ಅಧ್ಯಕ್ಷರು. “ಮೇಷ್ಟ್ರನ್ನ ಶ್ರದ್ಧೆಗೆ ಹಾಕಿ, ಗುರುಗಳನ್ನ ವಿಜ್ಞಾನಕ್ಕೆ ಹಾಕಿ. ಆದೇಶ ಹೊರಡಿಸಿ.”

ಆದೇಶ ಹಿಡಿದುಕೊಂಡು ಟೈಪಿಸ್ಟಮ್ಮ ಮೊದಲು ವೀಕ್ಷಣಾಲಯಕ್ಕೆ ಹೋದಳು. ಗುಮ್ಮಟದ ಏಣಿಯ ಮೇಲಿದ್ದ ದುರ್ಬೀನು ಮೇಷ್ಟ್ರು ಎಣ್ಣೆಬಟ್ಟೆಯಲ್ಲಿ ಹಲ್ಲುಚಕ್ರ ಒರೆಸುತ್ತ ಆದೇಶವನ್ನು ಓದಿ ಮುಗಿಸಿ, ತಲೆಕೆಳಗು ಮಾಡಿ ಇನ್ನೊಮ್ಮೆ ನೋಡಿದರು.

“ಏನಮ್ಮ ಇದು, ತಮಾಷೆಯಾ?”

“ಅಲ್ಲ ಸಾರ್, ಆದೇಶ.”

“ನಾನು ದೇವರ ಪರ ಮಾತಾಡಿದ್ರೆ ನನ್ನ ಸಹೋದ್ಯೋಗಿಗಳು ಬಿದ್ದು ಬಿದ್ದು ನಗ್ತಾರೆ.”

“ಆದೇಶ ಸಂಖ್ಯೆ ಹೇಳಿ ಸಾರ್, ಸುಮ್ಮನಾಗ್ತಾರೆ.” ಆಮೇಲೆ ಅವಳ ದನಿ ಇಳಿಯಿತು. “ಇದು ನಡೀಲಿಲ್ಲ ಅಂದ್ರೆ ನನ್ನ ಕೆಲಸ ಹೋಗುತ್ತೆ ಸಾರ್. ಒಂಬತ್ತು ವರ್ಷ ಆಯ್ತು.”

ಮೇಷ್ಟ್ರು ಏಣಿ ಇಳಿದು ಬಂದರು. “ಎಷ್ಟು ಪುಟ?”

“ನಿಮ್ಮದು ನಾಲ್ಕೂವರೆ.”

“ಇಲ್ಲಿ ಕೆಮ್ಮಿದರು ಅಂತ ಇದೆಯಲ್ಲ?”

“ಅದು ಗುರುಗಳ ಕೆಮ್ಮು ಸಾರ್. ಈಗ ನಿಮಗೆ ಬಂದಿದೆ.”

ಪ್ರಾರ್ಥನಾ ಮಂದಿರದ ಗುರುಗಳು ಆದೇಶ ಓದಿ ಮೊದಲು ಕಣ್ಣು ಕಣ್ಣು ಬಿಟ್ಟರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗು ನಿಂತ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

“ನಾನು ಪುರಾವೆ ಕೇಳೋದಾ? ಕೇಳಬೇಕು ಅಂತ ನಲವತ್ತು ವರ್ಷದಿಂದ ಆಸೆ ಕಣಮ್ಮ. ಕೇಳೋ ಜಾಗದಲ್ಲಿ ಇರಲಿಲ್ಲ ಅಷ್ಟೆ.”

ಸಂವಾದದ ದಿನ ಸಭಾಂಗಣದಲ್ಲಿ ಎರಡು ಕುರ್ಚಿ, ನಡುವೆ ಮೇಜಿಲ್ಲದ ಜಾಗ. ನಡಾವಳಿಯ ಪ್ರಕಾರ ಸಭಿಕರು ಇನ್ನೂರ ಹನ್ನೆರಡು ಜನ, ಬಂದವರು ಹತ್ತೊಂಬತ್ತು. ಏಳನೇ ನಿಯಮದಂತೆ ಪಕ್ಕದ ವಾಹನ ಪರವಾನಗಿ ಕಚೇರಿಯ ಸಾಲಿನಿಂದ ನೂರ ತೊಂಬತ್ತಮೂರು ಜನರನ್ನು ಕರೆತರಲು ಹೇಳಲಾಯಿತು. ಎಣಿಸಿದಾಗ ಒಬ್ಬರು ಹೆಚ್ಚಿದ್ದರು. ಅವರನ್ನು ವಿನಯದಿಂದ ಹೊರಗೆ ಕಳಿಸಲಾಯಿತು. ಅವರಿಗೆ ಅವತ್ತೇ ಪರವಾನಗಿ ಸಿಕ್ಕಿತು.

ದುರ್ಬೀನು ಮೇಷ್ಟ್ರು ಎದ್ದು, ಕಾಗದ ನೋಡಿಕೊಂಡು, “ಕಾಣದ್ದನ್ನು ನಂಬುವ ಧೈರ್ಯವಿಲ್ಲದವನಿಗೆ ಬದುಕು ಬರೀ ಕತ್ತಲೆ,” ಎಂದು ಓದಿದರು. ಓದಿ ಕೆಮ್ಮಿದರು. ಗುರುಗಳು ಎದ್ದು, “ಅಳೆದು ನೋಡದೆ ಒಪ್ಪುವುದು ಮೂರ್ಖತನ. ಪುರಾವೆ ಎಲ್ಲಿ?” ಎಂದು ಎಷ್ಟು ಹುರುಪಿನಿಂದ ಕೇಳಿದರೆಂದರೆ, ಪರವಾನಗಿಯ ಸಾಲಿನವರು ಗಾಬರಿಯಾಗಿ ತಂತಮ್ಮ ಗುರುತಿನ ಚೀಟಿ ತೆಗೆದು ತೋರಿಸಿದರು. ಮೂರನೇ ಪುಟದಲ್ಲಿ ‘ಸಭೆಯಲ್ಲಿ ನಗು’ ಎಂದಿತ್ತು. ದಫೇದಾರರು ಕೈಸನ್ನೆ ಮಾಡಿದರು, ಸಭೆ ನಕ್ಕಿತು. ಆರನೇ ಪುಟದಲ್ಲಿ ‘ಗಂಭೀರ ಮೌನ’. ಸಭೆ ಇನ್ನೂ ನಗುತ್ತಿದ್ದುದರಿಂದ ಅದಕ್ಕೆ ನಾಲ್ಕು ನಿಮಿಷ ಕಾಯಬೇಕಾಯಿತು.

ಒಂಬತ್ತನೇ ಪುಟ ಮುಗಿಯಿತು. ಟೈಪಿಸ್ಟಮ್ಮ ಉಸಿರು ಬಿಟ್ಟಳು. ಆಗಲೇ ಗುರುಗಳು ಕುರ್ಚಿಯನ್ನು ಮುಂದಕ್ಕೆಳೆದು, ಕಾಗದ ಮಡಚಿಟ್ಟು, ಮಾಮೂಲಿ ದನಿಯಲ್ಲಿ ಕೇಳಿದರು:

“ಅಲ್ಲ ಸ್ವಾಮಿ, ಮೂವತ್ತು ವರ್ಷದಿಂದ ಹುಡುಕ್ತಿದ್ದೀರಲ್ಲ ಒಂದು ನಕ್ಷತ್ರ, ಅದು ಸಿಕ್ತಾ?”

“ಇಲ್ಲ.”

“ಇದೆ ಅಂತ ಹೇಳಿದ್ದು ಯಾರು?”

“ಲೆಕ್ಕ ಹೇಳುತ್ತೆ.”

“ಲೆಕ್ಕವೇ ತಪ್ಪಿದ್ರೆ?”

“ತಪ್ಪಿರಬಹುದು,” ಎಂದರು ಮೇಷ್ಟ್ರು. “ಆದ್ರೂ ಮೋಡ ಇಲ್ಲದ ದಿನ ಹೋಗಿ ನೋಡದೆ ಇರಕ್ಕಾಗಲ್ಲ.”

“ಅದಕ್ಕೆ ನಮ್ಮ ಕಡೆ ಒಂದು ಹೆಸರಿದೆ,” ಎಂದು ಗುರುಗಳು ಕಣ್ಣು ಮಿಟುಕಿಸಿದರು.

ಅಧ್ಯಕ್ಷರು ಚಡಪಡಿಸಿದರು. “ಏನ್ರೀ ಇದು! ನಡಾವಳಿ ಮುಗಿದಿದೆ, ಮಾತು ಮುಗಿದಿಲ್ಲ!”

“ನಡಾವಳಿ ಮುಗಿದ ಮೇಲಿನದ್ದು ನಡೆದಿಲ್ಲ ಅಂತಲೇ ಲೆಕ್ಕ ಸಾರ್,” ಎಂದಳು ಟೈಪಿಸ್ಟಮ್ಮ. ಅಧ್ಯಕ್ಷರಿಗೆ ಸಮಾಧಾನವಾಗಿ ಟೀ ಕುಡಿಯಲು ಹೋದರು.

ಹೀಗೆ ನಡೆಯದ ಆ ಸಂವಾದವು ಎರಡು ಗಂಟೆ ನಡೆಯಿತು. ಮೇಷ್ಟ್ರು ಪ್ರಾರ್ಥನೆಗೆ ಉತ್ತರ ಬಂದದ್ದುಂಟೇ ಎಂದು ಕೇಳಿದರು. ಗುರುಗಳು ಜೇಬಿನಿಂದ ಒಂದು ಹಳೇ ನೋಟ್‌ಬುಕ್ಕು ತೆಗೆದರು. ಯಾರಿಗೂ ತೋರಿಸಿರಲಿಲ್ಲವಂತೆ. ನಲವತ್ತು ವರ್ಷದಲ್ಲಿ ಜನ ತಂದ ಸಾವಿರದ ಇನ್ನೂರು ಕೋರಿಕೆಗಳು, ಪ್ರತಿಯೊಂದರ ಮುಂದೆ ಈಡೇರಿತೋ ಇಲ್ಲವೋ ಎಂಬ ಗುರುತು.

“ಹೆಚ್ಚುಕಡಿಮೆ ಅರ್ಧ ಈಡೇರಿದೆ.”

“ಅರ್ಧ ಅಂದ್ರೆ ನಾಣ್ಯ ಚಿಮ್ಮಿದ ಹಾಗಾಯ್ತಲ್ಲ ಗುರುಗಳೇ!”

“ಅದೇ ಅನುಮಾನ ನನಗೂ. ಯಾರ ಹತ್ರ ಹೇಳ್ಕೊಳ್ಳಲಿ?”

ಇಬ್ಬರೂ ಕುರ್ಚಿ ಅಲುಗುವಂತೆ ನಕ್ಕರು. ಮೇಷ್ಟ್ರು ನೋಟ್‌ಬುಕ್ಕು ತಿರುವಿ ನೋಡಿ ಕೇಳಿದರು: “ಈಡೇರದ ಅರ್ಧದವರು ಏನಾದ್ರು?”

“ಮತ್ತೆ ಬಂದ್ರು.”

“ಅದನ್ನ ಬರೆದಿಟ್ಟಿದ್ದೀರಾ?”

“ಇಲ್ಲವಲ್ಲ.”

“ಬರೀಬೇಕಿತ್ತು. ಅದೇ ಮುಖ್ಯ ಅಂಕಿ.”

ಗುರುಗಳು ನೋಟ್‌ಬುಕ್ಕು ವಾಪಸು ತೆಗೆದುಕೊಂಡು ಅಂಚಿನಲ್ಲಿ ಹೊಸ ಕಾಲಮೊಂದನ್ನು ಗೀಚಿದರು. ಪರವಾನಗಿಯ ಸಾಲಿನವರು ಕೂಡ ಎದ್ದು ಹೋಗಿರಲಿಲ್ಲ. ಬರೆಯಲು ಏನೂ ಇಲ್ಲದ್ದರಿಂದ ಟೈಪಿಸ್ಟಮ್ಮ ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದು ಸಭೆಯನ್ನು ಕೇಳಿಸಿಕೊಂಡಳು. ಪೆನ್ಸಿಲು ಯಾವಾಗ ಕೆಳಗೆ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ.

ಆದೇಶದಲ್ಲಿ ಮುಕ್ತಾಯದ ದಿನಾಂಕ ಇರಲಿಲ್ಲ. ಆದ್ದರಿಂದ ಮರುದಿನವೂ ಮೇಷ್ಟ್ರು ಶ್ರದ್ಧೆಯ ಪ್ರತಿನಿಧಿಯಾಗಿಯೂ ಗುರುಗಳು ವಿಜ್ಞಾನದ ಪ್ರತಿನಿಧಿಯಾಗಿಯೂ ಉಳಿದರು. ಮಂಡಳಿಯು ಸಾರ್ವಜನಿಕ ಪ್ರಕಟಣೆ ಹೊರಡಿಸಿತು: ‘ಆಶೀರ್ವಾದ ಬೇಕಾದವರು ವೀಕ್ಷಣಾಲಯದ ಎರಡನೇ ಮಹಡಿಗೂ, ಗ್ರಹಣದ ವೇಳೆ ತಿಳಿಯಬೇಕಾದವರು ಪ್ರಾರ್ಥನಾ ಮಂದಿರಕ್ಕೂ ಹೋಗತಕ್ಕದ್ದು. ಏಣಿ ಹತ್ತಲಾಗದ ಭಕ್ತರಿಗೆ ಮೇಷ್ಟ್ರು ಕೆಳಗಿಳಿದು ಬರುವರು.’ ಜನ ಎರಡು ದಿನ ಗೊಣಗಿದರು. ಮೂರನೇ ದಿನ ಎರಡೂ ಕಡೆ ಸಾಲು ನಿಂತಿತ್ತು.

ಅತ್ತೆ ಮೊಣಕಾಲಿಗಾಗಿ ಎರಡೂ ಕಡೆ ಹೋಗಿ ಬಂದು ಅಡುಗೆಮನೆಯಲ್ಲಿ ಕೂಗಾಡಿದರು.

“ಇಷ್ಟು ವರ್ಷ ತಲೆ ಮೇಲೆ ಕೈಯಿಟ್ಟು ಒಳ್ಳೇದಾಗುತ್ತೆ ಅಂತಿದ್ದ ಗುರುಗಳು ಇವತ್ತು ಎಕ್ಸ್‌ರೇ ಎಲ್ಲಿ ಅಂದ್ರು ಕಣೇ! ಯಾವ ಕಡೆ ನೋವು, ಎಷ್ಟು ಮೆಟ್ಟಿಲಿಗೆ ನೋವು, ಎಲ್ಲ ಬರ್ಕೊಂಡ್ರು!”

“ಆಮೇಲೆ ಅತ್ತೆ?”

“ಆಮೇಲೆ ಮೇಷ್ಟ್ರ ಹತ್ರ ಹೋದೆ. ಪಾಪ, ಆಶೀರ್ವಾದ ಮಾಡಕ್ಕೆ ಬರಲ್ಲ ಆ ಮನುಷ್ಯನಿಗೆ. ಕೈ ಎಲ್ಲಿಡಬೇಕು ಅಂತ ನನ್ನನ್ನೇ ಕೇಳಿದ್ರು. ಆದ್ರೆ ಅರ್ಧ ಗಂಟೆ ಪಕ್ಕದಲ್ಲಿ ಕೂತು ಮಾತು ಕೇಳಿದ್ರು ಕಣೇ. ನಿನ್ನ ಗಂಡ ಕೂತಿದ್ದಾನಾ ಯಾವತ್ತಾದ್ರೂ?”

ಅತ್ತೆ ಎಕ್ಸ್‌ರೇ ತೆಗೆಸಿದರು, ವೈದ್ಯರು ಹೇಳಿದ ವ್ಯಾಯಾಮ ಮಾಡಿದರು, ದಿನಾ ಮೇಷ್ಟ್ರ ಹತ್ತಿರ ಅರ್ಧ ಗಂಟೆ ಹರಟಿದರು. ಮೂರು ವಾರದಲ್ಲಿ ನೋವು ಇಳಿಯಿತು. ಗುಣವಾದದ್ದು ಪ್ರಾರ್ಥನೆಯಿಂದ ಎಂದು ಗುರುಗಳೂ, ಎಕ್ಸ್‌ರೇಯಿಂದ ಎಂದು ಮೇಷ್ಟ್ರೂ ಪಟ್ಟು ಹಿಡಿದರು. ಕೊನೆಗೆ ಆದೇಶ ನೆನಪಾಗಿ ಇಬ್ಬರೂ ನಾಲಿಗೆ ಕಚ್ಚಿಕೊಂಡು ಪಟ್ಟು ಅದಲುಬದಲು ಮಾಡಿಕೊಂಡರು.

ಕೇಂದ್ರ ಕಚೇರಿ ಸಂತುಷ್ಟವಾಯಿತು. ಯಾವ ಹುದ್ದೆಯನ್ನು ಕಾಯಂ ಮಾಡಬೇಕು, ಯಾರನ್ನು ಮುಂದುವರಿಸಬೇಕು, ಯಾರನ್ನು ಬಿಡುಗಡೆ ಮಾಡಬೇಕು ಎಂಬುದನ್ನು ನಮೂನೆ ಇಪ್ಪತ್ತೊಂದರಲ್ಲಿ ತಿಳಿಸಿ ಎಂದು ಬರೆಯಿತು.

ಟೈಪಿಸ್ಟಮ್ಮ ಅವತ್ತು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

“ಬನ್ನಿ, ಕೂತ್ಕೊಳ್ಳಿ,” ಎಂದರು ಅಧ್ಯಕ್ಷರು. ಕೂತ್ಕೊಳ್ಳಿ ಎಂದದ್ದು ಒಂಬತ್ತು ವರ್ಷದಲ್ಲಿ ಮೊದಲು. ಅವಳಿಗೆ ಆಗಲೇ ಅನುಮಾನ ಬಂತು. “ನೋಡಮ್ಮ, ತುಂಬಾ ಯೋಚನೆ ಮಾಡಿದೆ. ಸಂವಾದ ಇನ್ನೂ ಎಳೇ ಕೂಸು. ಈಗ ನಾನು ಬಿಟ್ಟು ಹೋದ್ರೆ ಅದು ಅನಾಥ ಆಗುತ್ತೆ. ಅದಕ್ಕೆ ಕಾಯಂ ಮಾಡಬೇಕಾದ ಹುದ್ದೆ ಅಧ್ಯಕ್ಷರದ್ದು ಅಂತ ತೀರ್ಮಾನಿಸಿದ್ದೀನಿ. ಕಾಯಂ ಹುದ್ದೆಗೆ ನಿವೃತ್ತಿ ವಯಸ್ಸು ಅನ್ವಯಿಸಲ್ಲ, ವಿಚಾರಿಸಿದ್ದೀನಿ.”

“ನಾನು ಸಾರ್?”

“ನಿಮಗೆ ಅನುಭವ ಸಿಕ್ತಲ್ಲಮ್ಮ! ಅದನ್ನ ಯಾರು ಕಿತ್ಕೊಳ್ಳಕ್ಕಾಗುತ್ತೆ?” ಎಂದು ಅವರು ಕಿಟಕಿಯ ಕಡೆ ತಿರುಗಿದರು. “ಟೈಪ್ ಮಾಡ್ಕೊಂಡು ಬನ್ನಿ. ನನ್ನ ಹೆಸರು ಎಡಗಡೆ, ನಿಮ್ಮ ಹೆಸರು ಬಲಗಡೆ. ಎಡ ಮುಂದುವರಿಕೆ, ಬಲ ಬಿಡುಗಡೆ. ಮಾಮೂಲಿ.”

ದಫೇದಾರರು ಕಪಾಟಿನಿಂದ ಇಪ್ಪತ್ತೊಂದರ ಹೊಸ ಪುಸ್ತಕ ತಂದು ಅವಳ ಮುಂದಿಟ್ಟರು. ಅವಳ ಮುಖ ನೋಡಿ, ಗೋಡೆಯ ಮೇಲಿನ ತಮ್ಮ ಪ್ರಶಂಸಾಪತ್ರವನ್ನು ಒಮ್ಮೆ ಒರೆಸಿ ಹೋದರು.

ಟೈಪಿಸ್ಟಮ್ಮ ಪುಸ್ತಕ ತೆರೆದಳು. ತಲೆಬರಹವನ್ನು ಓದಿದಳು. ಇನ್ನೊಮ್ಮೆ ಓದಿದಳು. ಎಡಗಡೆ: ‘ಬಿಡುಗಡೆ ಹೊಂದುವವರು’. ಬಲಗಡೆ: ‘ಕಾಯಂ ಹುದ್ದೆಯಲ್ಲಿ ಮುಂದುವರಿಯುವವರು’. ಕಪಾಟಿನಲ್ಲಿ ಇದರ ಹಿಂದಿನ ಪುಸ್ತಕದ ಹಾಳೆಗಳೂ ನಾಲ್ಕಾರು ಉಳಿದಿದ್ದವು. ಆದರೆ ಮೇಲಧಿಕಾರಿಗಳ ಮಾತನ್ನು ಅಕ್ಷರಶಃ ಪಾಲಿಸುವುದು ತಾತ್ಕಾಲಿಕ ನೌಕರರ ಕರ್ತವ್ಯ. ಅವಳು ಹಾಳೆಯನ್ನು ಯಂತ್ರಕ್ಕೆ ಸಿಕ್ಕಿಸಿ, ಅಧ್ಯಕ್ಷರ ಹೆಸರನ್ನು ಎಡಗಡೆ, ತನ್ನ ಹೆಸರನ್ನು ಬಲಗಡೆ, ಕೆಳಗೆ ‘ಕಾಯಂ ಹುದ್ದೆ: ಅಧ್ಯಕ್ಷರು’ ಎಂದು ಒಂದೂ ತಪ್ಪಿಲ್ಲದೆ ಹೊಡೆದಳು. ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದಳು.

ಅಧ್ಯಕ್ಷರು ಗುರುತು ಇದ್ದ ಕಡೆ ಸಹಿ ಹಾಕಿದರು.

ಅನುಮೋದನೆ ಬಂದ ದಿನ ಅವರ ಕೂಗು ವಾಹನ ಪರವಾನಗಿ ಕಚೇರಿಯವರೆಗೂ ಕೇಳಿಸಿತು. “ನಾನು ಹೇಳಿದ್ದೇನು, ನೀವು ಮಾಡಿದ್ದೇನು!”

“ಎಡಗಡೆ ಅಂದ್ರಿ ಸಾರ್,” ಎಂದಳು ಟೈಪಿಸ್ಟಮ್ಮ.

“ಎಡಗಡೆನೇ ಅಂದ್ರಿ ಸಾರ್,” ಎಂದರು ದಫೇದಾರರು. “ನಾನು ಬಾಗಿಲಲ್ಲೇ ನಿಂತಿದ್ದೆ.”

“ಇದು ತಪ್ಪು! ತಿದ್ದಿಸಿ!”

“ಅನುಮೋದನೆ ಆಗಿದೆ ಸಾರ್.” ಯಾರೂ ಕೇಳದಿದ್ದರೂ ದಫೇದಾರರು ನಿಯಮಾವಳಿ ತೆಗೆದು ಏಳನೇ ನಿಯಮವನ್ನು ಗಟ್ಟಿಯಾಗಿ ಓದಿದರು. ಅಧ್ಯಕ್ಷರು ಕೊನೆಯವರೆಗೂ ಕೇಳಿಸಿಕೊಂಡರು. ನಿಯಮಕ್ಕೆ ಅವರು ಯಾವತ್ತೂ ಎದುರಾಡಿದವರಲ್ಲ. “ಸ್ಪಷ್ಟವಾಗಿದೆ,” ಎಂದು ಕನ್ನಡಕದ ಡಬ್ಬಿ ಎತ್ತಿಕೊಂಡು ಹೊರಟರು.

ಅಭಿನಂದಿಸಲು ಇಬ್ಬರೂ ಪ್ರತಿನಿಧಿಗಳು ಒಟ್ಟಿಗೇ ಬಂದರು.

“ಎಲ್ಲ ಮೇಲಿರುವವನ ಇಚ್ಛೆ ಕಣಮ್ಮ,” ಎಂದು ದುರ್ಬೀನು ಮೇಷ್ಟ್ರು ಸರಿಯಾದ ಜಾಗದಲ್ಲೇ ಕೈಯಿಟ್ಟು ಆಶೀರ್ವದಿಸಿದರು.

“ಒಂದೇ ಉದಾಹರಣೆಯಿಂದ ಹಾಗೆಲ್ಲ ಹೇಳಕ್ಕಾಗಲ್ಲ,” ಎಂದರು ಗುರುಗಳು. “ಇನ್ನೂ ನಾಲ್ಕೈದು ಅಧ್ಯಕ್ಷರ ಮೇಲೆ ಮಾಡಿ ನೋಡಬೇಕು.”

ಮುಂದಿನ ವಾರ ತಾತ್ಕಾಲಿಕ ಟೈಪಿಸ್ಟ್ ಹುದ್ದೆಗೆ ಒಂದೇ ಅರ್ಜಿ ಬಂತು. ಮನೆಯಲ್ಲಿ ಕೂತು ಅಭ್ಯಾಸವಿಲ್ಲ ಎಂದು ಕಾರಣ ಬರೆದಿತ್ತು.

“ಟೈಪಿಂಗ್ ಬರುತ್ತಾ?” ಎಂದು ಕೇಳಲಾಯಿತು.

“ಕಲಿತೀನಿ ಮೇಡಂ,” ಎಂದರು ಮಾಜಿ ಅಧ್ಯಕ್ಷರು.

ಎರಡನೇ ಸಂವಾದದ ನಡಾವಳಿಯನ್ನು ಅವರು ಒಂದೇ ಬೆರಳಿನಲ್ಲಿ ಹದಿಮೂರು ದಿನ ಹೊಡೆದು, ಸಹಿಯ ಜಾಗದಲ್ಲಿ ಪೆನ್ಸಿಲಿನ ಗುರುತು ಹಾಕಿ ತಂದಿಟ್ಟರು. ಹೊಸ ಅಧ್ಯಕ್ಷರು ಪೆನ್ನು ತೆಗೆದುಕೊಂಡು, ಮೊದಲು ಎಡಗಡೆಯ ತಲೆಬರಹ ಓದಿ, ಆಮೇಲೆ ಬಲಗಡೆಯದನ್ನು ಓದಿ, ಕೊನೆಗೆ ಸಹಿ ಹಾಕಿದರು. ಹಾಗೆ ಓದುವುದು ಕಚೇರಿಯ ಪದ್ಧತಿಯಲ್ಲ. ‘ಅಧ್ಯಕ್ಷರು ಓದದೆ ಸಹಿ ಹಾಕಿದರು’ ಎಂದು ದಾಖಲೆಯಲ್ಲಿ ಮೊದಲೇ ಟೈಪ್ ಆಗಿತ್ತು. ಆದ್ದರಿಂದ ಅವರು ಓದಲಿಲ್ಲ.